ಎಣ್ಣೆಯ ಸಂದು: ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಹೊಸ ಬೇರಿಂಗುಗಳ ಆಯ್ಕೆ ಮತ್ತು ಜೋಡಣೆ

ಬೇರಿಂಗ್ ಎಂದೊಡನೆ ಸೈಕಲ್ಲಿನ ಗಾಲಿಯೊಳಗೆ ಉರುಳುವ ಉಕ್ಕಿನ ಗುಂಡುಗಳು ನೆನಪಿಗೆ ಬರುವುದು ಸಹಜ. ಆದರೆ ಕಾರಿನ ಎಂಜಿನ್ನಿನಲ್ಲಿ ಅತಿ ಹೆಚ್ಚಿನ ಭಾರವನ್ನು ಹೊರುವ ಬೇರಿಂಗುಗಳಲ್ಲಿ ಸಾಮಾನ್ಯವಾಗಿ ಗುಂಡುಗಳೂ ಇರುವುದಿಲ್ಲ, ಉರುಳೆಗಳೂ ಇರುವುದಿಲ್ಲ. ಅವು ಅರ್ಧವೃತ್ತಕ್ಕೆ ಬಾಗಿಸಿದ, ಸುಮಾರು ಎರಡು ಮಿಲಿಮೀಟರ್ ದಪ್ಪದ ಲೋಹದ ಚಿಪ್ಪುಗಳು. ಅಂಗೈಯ ಮೇಲಿಟ್ಟರೆ ಹಗುರ. ಇಡೀ ಎಂಜಿನ್ನಿನ ಬೆಲೆಗೆ ಹೋಲಿಸಿದರೆ ಅವುಗಳ ಬೆಲೆ ಅಲ್ಪ. ಆದರೂ ಅವುಗಳಲ್ಲಿ ಒಂದು ಕೆಟ್ಟರೆ ಸಾಕು, ಕ್ಷಣಾರ್ಧದಲ್ಲಿ ರಾಡು ತುಂಡಾಗಿ ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರಬಹುದು. ಇಂಥ ಬೇರಿಂಗುಗಳನ್ನು ಬದಲಿಸುವ ಕೆಲಸದಲ್ಲಿ ಒಂದು ಮಾತನ್ನು ಮೊದಲೇ ಮನಗಾಣಬೇಕು: ಅಲ್ಲಿ ಆರಿಸಬೇಕಾದದ್ದು ಕೇವಲ ಲೋಹವನ್ನಲ್ಲ, ಲೋಹ ಲೋಹಗಳ ನಡುವಿನ ಸಂದನ್ನು. ಭಾರವನ್ನು ಹೊರುವುದು ಆ ಸಂದಿನಲ್ಲಿ ತುಂಬಿಕೊಳ್ಳುವ ಎಣ್ಣೆಯೇ. ಚಿಪ್ಪು ಆ ಎಣ್ಣೆಗೆ ಮನೆ ಮಾತ್ರ.

ರಾಡು, ಪಿನ್ನು, ಚಿಪ್ಪು

ಎಂಜಿನ್ನಿನ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತವೆ. ಆ ನೇರ ಚಲನೆಯನ್ನು ಸುತ್ತುವ ಚಲನೆಯನ್ನಾಗಿ ಮಾರ್ಪಡಿಸುವುದು ಕ್ರ್ಯಾಂಕ್‌ಶಾಫ್ಟ್. ಪಿಸ್ಟನ್ನಿಗೂ ಕ್ರ್ಯಾಂಕ್‌ಶಾಫ್ಟಿಗೂ ನಡುವಣ ಕೊಂಡಿಯೇ ಕನೆಕ್ಟಿಂಗ್ ರಾಡ್. ರಾಡಿನ ಕೆಳತುದಿ ದೊಡ್ಡದಾದ ಒಂದು ಬಳೆಯಂತಿದ್ದು, ಅದು ಕ್ರ್ಯಾಂಕ್‌ಶಾಫ್ಟಿನ ನಯವಾದ ಪಿನ್ನನ್ನು ಸುತ್ತುವರಿದಿರುತ್ತದೆ. ಪಿನ್ನಿನ ಮೇಲೆ ಕೂಡಿಸಲು ಅನುಕೂಲವಾಗುವಂತೆ ಈ ಬಳೆಯನ್ನು ಎರಡು ಹೋಳಾಗಿ ಮಾಡಿರುತ್ತಾರೆ: ಮೇಲಿನದು ರಾಡಿನ ಭಾಗವೇ, ಕೆಳಗಿನದು 'ಕ್ಯಾಪ್'. ಎರಡನ್ನೂ ಎರಡು ಬೋಲ್ಟುಗಳು ಬಿಗಿದು ಹಿಡಿಯುತ್ತವೆ. ಪ್ರತಿ ಹೋಳಿನ ಒಳಮೈಗೆ ಒಂದೊಂದು ಬೇರಿಂಗ್ ಚಿಪ್ಪು. ಆರು ಸಿಲಿಂಡರಿನ ಎಂಜಿನ್ನಿಗೆ ಹೀಗೆ ಹನ್ನೆರಡು ಚಿಪ್ಪುಗಳು ಬೇಕು.

ಈ ಚಿಪ್ಪುಗಳು ಎದುರಿಸುವ ಭಾರದ ಅಂದಾಜಿಗೆ ನಿಜವಾದ ಒಂದು ಎಂಜಿನ್ನನ್ನೇ ನೋಡಬಹುದು. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2000ದಿಂದ 2006ರವರೆಗೆ ತಯಾರಿಸಿದ ಎಂ3 ಕಾರಿನಲ್ಲಿ 'ಎಸ್54' ಎಂಬ ಎಂಜಿನ್ ಇತ್ತು. ಸಾಲಾಗಿ ನಿಂತ ಆರು ಸಿಲಿಂಡರುಗಳು, 3246 ಘನ ಸೆಂಟಿಮೀಟರ್ ಗಾತ್ರ, ಯೂರೋಪಿನ ಮಾದರಿಯಲ್ಲಿ 343 ಅಶ್ವಶಕ್ತಿ. ನಿಮಿಷಕ್ಕೆ 8000 ಸುತ್ತುಗಳವರೆಗೆ ಅದು ತಿರುಗಬಲ್ಲದು, ಅಂದರೆ ಸೆಕೆಂಡಿಗೆ 133 ಸುತ್ತು. ಪಿಸ್ಟನ್ನಿನ ಓಟದ ಉದ್ದ 91 ಮಿಲಿಮೀಟರ್. ಈ ವೇಗದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರುಗಳನ್ನು ದಾಟುತ್ತದೆ. ಅದು ಮೇಲ್ತುದಿಯಲ್ಲಿ ನಿಂತು ಹಿಂದಿರುಗುವ ಕ್ಷಣದ ವೇಗೋತ್ಕರ್ಷ ಭೂಮಿಯ ಗುರುತ್ವದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಪಿಸ್ಟನ್ನೂ ಅದರೊಂದಿಗೆ ಚಲಿಸುವ ಭಾಗಗಳೂ ಸೇರಿ ಅರ್ಧ ಕಿಲೋ ತೂಗುತ್ತವೆಂದು ಹಿಡಿದರೆ, ಆ ಕ್ಷಣದಲ್ಲಿ ರಾಡನ್ನು ಎಳೆಯುವ ಬಲ ಎರಡು ಟನ್ನಿನ ಭಾರಕ್ಕೆ ಸಮ. ಸ್ಫೋಟದ ಹೊಡೆತ ರಾಡನ್ನು ಕೆಳಕ್ಕೆ ತಳ್ಳುವಾಗ ಮೇಲಿನ ಚಿಪ್ಪು ಭಾರ ಹೊರುತ್ತದೆ. ಹೊಗೆಯನ್ನು ಹೊರದೂಡಿದ ಪಿಸ್ಟನ್ ಮೇಲ್ತುದಿಯಿಂದ ಹಿಂದಿರುಗುವಾಗ ಕೆಳಗಿನ ಚಿಪ್ಪು ಎಳೆತವನ್ನು ತಡೆಯುತ್ತದೆ. ಇಷ್ಟೆಲ್ಲ ನಡೆಯುವಾಗ ಪಿನ್ನಿನ ಮೈ ಚಿಪ್ಪಿನ ಮೇಲೆ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಜಾರುತ್ತಿರುತ್ತದೆ. ಲೋಹಕ್ಕೆ ಲೋಹ ತಾಗಿದರೆ ಇಂಥ ಭಾರದಲ್ಲಿ, ಇಂಥ ವೇಗದಲ್ಲಿ ಅದು ಕರಗಲು ಹೆಚ್ಚು ಹೊತ್ತು ಬೇಡ.

ತಾಗದಂತೆ ಕಾಯುವುದು ಯಾವುದು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಕಾರುಗಳು ಬರುವುದಕ್ಕೆ ಮುಂಚೆ, ರೈಲುಗಾಡಿಯ ಅಚ್ಚಿನ ಮೇಲೆ ನಡೆದ ಪ್ರಯೋಗದಲ್ಲಿ. 1883ರಲ್ಲಿ ಬೋಷಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದಾಗ ಎಣ್ಣೆ ಒಳಗೆ ಇಳಿಯುವುದರ ಬದಲು ಮೇಲಕ್ಕೆ ಉಕ್ಕಿಬಂತು. ರಂಧ್ರಕ್ಕೆ ಬಿರಡೆ ಬಡಿದರೆ ಬಿರಡೆಯೂ ಮೇಲೆದ್ದು ಬಂತು. ಕೊನೆಗೆ ಅಲ್ಲಿ ಒತ್ತಡಮಾಪಕವನ್ನೇ ಜೋಡಿಸಿ ನೋಡಿದಾಗ, ಬೇರಿಂಗಿನ ಮೇಲಿದ್ದ ಸರಾಸರಿ ಭಾರದ ಸುಮಾರು ಎರಡರಷ್ಟು ಒತ್ತಡ ಎಣ್ಣೆಯಲ್ಲಿತ್ತು. ಅಚ್ಚು ಎಣ್ಣೆಯ ಮೇಲೆ ತೇಲುತ್ತಿತ್ತು.

ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿದರು. ತಿರುಗುವ ಪಿನ್ನು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಎಳೆದುಕೊಂಡು ಸಾಗುತ್ತದೆ. ಭಾರದಿಂದಾಗಿ ಪಿನ್ನು ನಟ್ಟನಡುವೆ ನಿಲ್ಲದೆ ಒಂದು ಬದಿಗೆ ಸರಿದಿರುವುದರಿಂದ ಸಂದು ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು. ಅಗಲದಿಂದ ಕಿರಿದಿನ ಕಡೆಗೆ ಎಳೆಯಲ್ಪಟ್ಟ ಎಣ್ಣೆ ಬೆಣೆಯಂತೆ ಇಕ್ಕಟ್ಟಿಗೆ ಸಿಲುಕಿ ಒತ್ತಡ ಪಡೆದು ಪಿನ್ನನ್ನು ಎತ್ತಿ ಹಿಡಿಯುತ್ತದೆ. ಎಂಜಿನ್ನಿನ ಎಣ್ಣೆಪಂಪು ಈ ಸಂದಿಗೆ ಎಣ್ಣೆಯನ್ನು ತಲುಪಿಸುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ; ಭಾರ ಹೊರುವ ಒತ್ತಡವನ್ನು ಹುಟ್ಟಿಸುವುದು ಪಿನ್ನಿನ ತಿರುಗುವಿಕೆ, ಎಣ್ಣೆಯ ಸ್ನಿಗ್ಧತೆ ಮತ್ತು ಸಂದಿನ ಅಳತೆ ಈ ಮೂರೂ ಕೂಡಿ. ಭಾರ ಏರಿದ ಕ್ಷಣದಲ್ಲಿ ಅತಿ ಕಿರಿದಾದ ಜಾಗದಲ್ಲಿ ಉಳಿಯುವ ಎಣ್ಣೆಯ ಪದರದ ದಪ್ಪ ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

ಮೂರರಲ್ಲಿ ಒಂದು ತಪ್ಪಿದರೂ ಪದರ ಹರಿಯುತ್ತದೆ. ಎಸ್54 ಎಂಜಿನ್ನಿನ ಕಥೆಯೇ ಇದಕ್ಕೆ ಸಾಕ್ಷಿ. 2001ರಿಂದ 2003ರ ನಡುವೆ ತಯಾರಾದ ಕೆಲವು ಎಂ3 ಕಾರುಗಳಲ್ಲಿ ರಾಡ್ ಬೇರಿಂಗುಗಳು ಅಕಾಲದಲ್ಲಿ ಸವೆದು ಎಂಜಿನ್ನುಗಳು ಹಾಳಾದವು. ಕಂಪನಿ ಆ ಅವಧಿಯ ಕಾರುಗಳನ್ನು ಕರೆಸಿ ಬೇರಿಂಗುಗಳನ್ನು ಬದಲಿಸಿಕೊಟ್ಟಿತು. ಅಂದಿನಿಂದ ಈ ಎಂಜಿನ್ನಿನ ರಾಡ್ ಬೇರಿಂಗುಗಳನ್ನು ಕಾಲಕಾಲಕ್ಕೆ ಬದಲಿಸುವುದು, ಕೆಡುವವರೆಗೆ ಕಾಯದಿರುವುದು, ಆ ಕಾರುಗಳ ಒಡೆಯರಲ್ಲಿ ರೂಢಿಯಾಗಿದೆ. ಪೂರ್ವಭಾವಿಯಾಗಿ ಬದಲಿಸಿದರೆ ಹೋಗುವುದು ಚಿಪ್ಪುಗಳು, ಬೋಲ್ಟುಗಳು, ಎಣ್ಣೆ ಮತ್ತು ಒಂದೆರಡು ದಿನದ ದುಡಿಮೆ. ಕಾದು ಕುಳಿತರೆ ಹೋಗುವುದು ಕ್ರ್ಯಾಂಕ್‌ಶಾಫ್ಟು, ಕೆಲವೊಮ್ಮೆ ಇಡೀ ಎಂಜಿನ್ನು.

ಹಳೆಯ ಚಿಪ್ಪಿನ ಸಾಕ್ಷ್ಯ

ಹೊಸದನ್ನು ಆರಿಸುವ ಮುನ್ನ ಹಳೆಯದನ್ನು ಓದಬೇಕು. ಬಿಚ್ಚಿದ ಪ್ರತಿ ಚಿಪ್ಪನ್ನೂ ಯಾವ ಸಿಲಿಂಡರಿನದು, ಮೇಲಿನದೋ ಕೆಳಗಿನದೋ ಎಂದು ಗುರುತು ಹಾಕಿ ಸಾಲಾಗಿ ಇಡುವುದು ಒಳ್ಳೆಯ ಕೆಲಸಗಾರರ ಕ್ರಮ. ಚಿಪ್ಪಿನ ಮೇಲ್ಮೈ ಮಾಸಲು ಬೂದುಬಣ್ಣದ್ದಾಗಿ, ನಡುಭಾಗದಲ್ಲಿ ಮಾತ್ರ ಸಮನಾಗಿ ನಯವಾಗಿದ್ದರೆ ಅದು ಸಹಜ ಸವೆತ. ತಾಮ್ರದ ಕೆಂಬಣ್ಣ ಇಣುಕಿದರೆ ಮೇಲಿನ ಮೃದು ಪದರ ಹೋಗಿಬಿಟ್ಟಿದೆ ಎಂದರ್ಥ. ಸುತ್ತಳತೆಯ ಗುಂಟ ಗೆರೆಗಳು ಬಿದ್ದಿದ್ದರೆ ಎಣ್ಣೆಯಲ್ಲಿ ಕಸ ಸೇರಿತ್ತು. ಒಂದು ಅಂಚು ಮಾತ್ರ ಸವೆದಿದ್ದರೆ ರಾಡು ಬಾಗಿರಬೇಕು ಇಲ್ಲವೇ ಪಿನ್ನು ಒಂದು ಕಡೆಗೆ ಸಪೂರವಾಗಿರಬೇಕು. ಕಪ್ಪಗೆ ಸುಟ್ಟ ಗುರುತು ಎಣ್ಣೆ ತಲುಪದೆ ಹೋದದ್ದನ್ನು ಹೇಳುತ್ತದೆ. ಚಿಪ್ಪಿನ ಬೆನ್ನಿನ ಮೇಲೆ ಹೊಳೆಯುವ ಕಲೆಗಳಿದ್ದರೆ ಅದು ತನ್ನ ಮನೆಯಲ್ಲಿ ಗಟ್ಟಿಯಾಗಿ ಕೂತಿರಲಿಲ್ಲ.

ಈ ಸಾಕ್ಷ್ಯಗಳಿಗೆ ಕಿವಿಗೊಡದೆ ಹೊಸ ಚಿಪ್ಪುಗಳನ್ನು ಕೂಡಿಸಿದರೆ ಹಳೆಯ ರೋಗವೇ ಹೊಸ ಚಿಪ್ಪುಗಳಿಗೂ ಅಂಟುತ್ತದೆ. ಬಾಗಿದ ರಾಡಿಗೆ ಎಷ್ಟು ಬೆಲೆಯ ಬೇರಿಂಗ್ ಹಾಕಿದರೂ ಅದು ಅಂಚಿನಲ್ಲೇ ಸವೆಯುವುದು.

ಲೋಹದ ಆಯ್ಕೆ

ಬೇರಿಂಗಿನ ಲೋಹದಿಂದ ಬಯಸುವ ಗುಣಗಳು ಒಂದಕ್ಕೊಂದು ವಿರೋಧವಾದವು. ಕಸದ ಕಣವೊಂದು ಬಂದರೆ ಅದನ್ನು ತನ್ನೊಳಗೆ ಹುದುಗಿಸಿಕೊಂಡು ಪಿನ್ನನ್ನು ಕಾಪಾಡುವಷ್ಟು ಮೃದುವಾಗಿರಬೇಕು. ಪಿನ್ನಿನ ಸಣ್ಣಪುಟ್ಟ ಓರೆಗೆ ಹೊಂದಿಕೊಳ್ಳಬೇಕು. ಹಾಗೆಯೇ ಸೆಕೆಂಡಿಗೆ ನೂರಾರು ಬಾರಿ ಬೀಳುವ ಹೊಡೆತಕ್ಕೆ ಬಿರಿಯದಷ್ಟು ಗಟ್ಟಿಯೂ ಆಗಿರಬೇಕು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ಪಡೆದ ತವರ ಆಧಾರಿತ ಮಿಶ್ರಲೋಹ ಮೃದುತ್ವದಲ್ಲಿ ಮೇಲು. ಅದರ ಹೆಸರು ಇಂದಿಗೂ ಬ್ಯಾಬಿಟ್ ಎಂದೇ ಉಳಿದಿದೆ. ಆದರೆ ವೇಗದ ಎಂಜಿನ್ನುಗಳ ಹೊಡೆತವನ್ನು ಅದೊಂದೇ ತಾಳದು.

ಆದ್ದರಿಂದ ಪದರಗಳ ಉಪಾಯ ಬಂತು. ಮೂರು ಲೋಹದ ಚಿಪ್ಪಿನಲ್ಲಿ ಬೆನ್ನಿಗೆ ಉಕ್ಕು, ಅದರ ಮೇಲೆ ಮಿಲಿಮೀಟರಿನ ಕಾಲುಭಾಗದಷ್ಟು ತಾಮ್ರ ಮತ್ತು ಸೀಸದ ಮಿಶ್ರಲೋಹ, ಎಲ್ಲಕ್ಕೂ ಮೇಲೆ ಸುಮಾರು 20 ಮೈಕ್ರಾನ್ ದಪ್ಪದ, ಸೀಸ ಮತ್ತು ತವರ ಕೂಡಿದ ಮೃದು ಪದರ. ಶಕ್ತಿ ಕೆಳಗಿನಿಂದ, ಸೌಮ್ಯತೆ ಮೇಲಿನಿಂದ. ಎರಡು ಲೋಹದ ಚಿಪ್ಪಿನಲ್ಲಿ ಉಕ್ಕಿನ ಮೇಲೆ ಅಲ್ಯೂಮಿನಿಯಂ ಮತ್ತು ತವರದ ಒಂದೇ ದಪ್ಪ ಪದರವಿರುತ್ತದೆ. ಇದು ಬಾಳಿಕೆ ಬರುವಂಥದು. ಆದರೆ ಕಸವನ್ನು ಹುದುಗಿಸಿಕೊಳ್ಳುವುದರಲ್ಲಿ ಸೀಸದ ಪದರದಷ್ಟು ಉದಾರಿಯಲ್ಲ. ಯೂರೋಪ್ ಒಕ್ಕೂಟ 2000ದಲ್ಲಿ ಹೊರಡಿಸಿದ ವಾಹನ ವಿಲೇವಾರಿ ನಿರ್ದೇಶನ ಸೀಸದ ಬಳಕೆಯನ್ನು ಹಂತಹಂತವಾಗಿ ಕಡಿಮೆ ಮಾಡಿಸಿದ ಮೇಲೆ ಹೊಸ ಕಾರುಗಳ ಬೇರಿಂಗುಗಳು ಸೀಸವಿಲ್ಲದ ಲೋಹಗಳ ಕಡೆಗೆ ತಿರುಗಿದವು. ಹಳೆಯ ಕಾರಿಗೆ ಹೊಸ ಚಿಪ್ಪು ಕೊಳ್ಳುವವರು ಡಬ್ಬಿಯ ಮೇಲಿನ ಹೆಸರು ಒಂದೇ ಆಗಿದ್ದರೂ ಒಳಗಿನ ಲೋಹ ಬದಲಾಗಿರಬಹುದೆಂಬುದನ್ನು ಗಮನಿಸಬೇಕು.

ಇನ್ನು ಪಂದ್ಯದ ಕಾರುಗಳಿಗಾಗಿ ತಯಾರಾಗುವ ಚಿಪ್ಪುಗಳುಂಟು. ಕೆಲವಕ್ಕೆ ಗ್ರ್ಯಾಫೈಟ್ ಅಥವಾ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಪಾಲಿಮರ್ ಲೇಪ ಹಚ್ಚಿರುತ್ತಾರೆ. ಎಂಜಿನ್ ಹೊತ್ತಿಸುವ ಮೊದಲ ಕ್ಷಣಗಳಲ್ಲಿ, ಎಣ್ಣೆಯ ಪದರ ಇನ್ನೂ ಮೂಡದಿರುವಾಗ, ಈ ಲೇಪ ರಕ್ಷಣೆ ನೀಡುತ್ತದೆ. ಆದರೆ ಲೇಪಕ್ಕೂ ದಪ್ಪವಿದೆ. ಎದುರುಬದುರಾದ ಎರಡು ಚಿಪ್ಪುಗಳಿಗೆ 8 ಮೈಕ್ರಾನಿನಂತೆ ಲೇಪ ಹಚ್ಚಿದರೆ ಸಂದು 16 ಮೈಕ್ರಾನ್ ಕಿರಿದಾಗುತ್ತದೆ. ತಯಾರಕರು ಈ ದಪ್ಪವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ನೋಡದೆ ಕೊಂಡರೆ, ರಕ್ಷಣೆಗೆಂದು ತಂದದ್ದೇ ಸಂದನ್ನು ಕಟ್ಟಿಹಾಕುತ್ತದೆ.

ಸಂದು ಎಷ್ಟಿರಬೇಕು?

ಎಂಜಿನ್ ಕಟ್ಟುವವರಲ್ಲಿ ಒಂದು ಹಳೆಯ ರೂಢಿಯ ಲೆಕ್ಕವಿದೆ: ಪಿನ್ನಿನ ವ್ಯಾಸದ ಸಾವಿರದಲ್ಲಿ ಒಂದು ಪಾಲು ಸಂದು. 50 ಮಿಲಿಮೀಟರ್ ವ್ಯಾಸದ ಪಿನ್ನಿಗೆ 0.05 ಮಿಲಿಮೀಟರ್, ಅಂದರೆ 50 ಮೈಕ್ರಾನ್. ಇದು ಹೊರಡುವ ಜಾಗ ಮಾತ್ರ; ತಲುಪಬೇಕಾದ ಜಾಗವನ್ನು ಆ ಎಂಜಿನ್ನಿನ ಕೈಪಿಡಿ ಹೇಳುತ್ತದೆ. ಸಂದು ತೀರ ಕಿರಿದಾದರೆ ಎಣ್ಣೆಯ ಹರಿವು ಕುಗ್ಗಿ ಉಷ್ಣ ಏರುತ್ತದೆ. ಉಷ್ಣ ಏರಿದರೆ ಎಣ್ಣೆ ತೆಳುವಾಗಿ ಪದರ ಹರಿಯುತ್ತದೆ. ಸಂದು ತೀರ ಅಗಲವಾದರೆ ಎಣ್ಣೆ ಬದಿಗಳಿಂದ ಸೋರಿಹೋಗಿ ಒತ್ತಡ ಮೂಡದೆ, ರಾಡು ಪಿನ್ನನ್ನು ಬಡಿಯತೊಡಗುತ್ತದೆ. ನಡುವಣ ದಾರಿ ಇಕ್ಕಟ್ಟಿನದು.

ಸಂದನ್ನು ಆರಿಸುವುದೆಂದರೆ ಎಣ್ಣೆಯನ್ನೂ ಆರಿಸುವುದು. ಅಗಲ ಸಂದಿಗೆ ಮಂದವಾದ ಎಣ್ಣೆ, ಕಿರಿದಾದ ಸಂದಿಗೆ ತೆಳುವಾದ ಎಣ್ಣೆ. ಎಸ್54 ಎಂಜಿನ್ನಿಗೆ ಕಂಪನಿ ಸೂಚಿಸಿದ್ದು 10ಡಬ್ಲ್ಯು-60 ದರ್ಜೆಯ ಕ್ಯಾಸ್ಟ್ರಾಲ್ ಎಣ್ಣೆ; ಬಿಸಿಯಲ್ಲೂ ಮಂದವಾಗಿಯೇ ಉಳಿಯುವಂಥದು. ಅದರ ಬದಲು ತೆಳುವಾದ ಎಣ್ಣೆ ಸುರಿದರೆ ಅದೇ ಸಂದು ಎಣ್ಣೆಯ ಪಾಲಿಗೆ ಅಗಲವಾಗಿಬಿಡುತ್ತದೆ.

ಕ್ಯಾಸ್ಟ್ರಾಲ್ ಎಂಬ ಹೆಸರಿನ ಮೂಲ ಕನ್ನಡ ನಾಡಿನ ಬಂಡಿಗಳಿಗೂ ಅಪರಿಚಿತವಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಈ ಹೆಸರನ್ನು ಇಟ್ಟದ್ದು ತನ್ನ ಎಣ್ಣೆಗೆ ಬೆರೆಸುತ್ತಿದ್ದ ಕ್ಯಾಸ್ಟರ್ ಎಣ್ಣೆಯಿಂದ, ಅದೇ ಹರಳೆಣ್ಣೆ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಎತ್ತಿನ ಬಂಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಇಂಗ್ಲೆಂಡಿನ ತಯಾರಕರೂ ಹಳ್ಳಿಯ ಬಂಡಿಯವರೂ ಹರಳೆಣ್ಣೆಯನ್ನೇ ಹಿಡಿದದ್ದಕ್ಕೆ ಕಾರಣ ಒಂದೇ. ಅದರ ಅಣುಗಳು ಲೋಹದ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ತಿರುಗುವಿಕೆ ನಿಧಾನವಾಗಿ ಎಣ್ಣೆಯ ಬೆಣೆ ಮೂಡದಿದ್ದಾಗಲೂ ಲೋಹ ಲೋಹವನ್ನು ನೇರವಾಗಿ ಮುಟ್ಟದಂತೆ ತಡೆಯುತ್ತವೆ. ಬಂಡಿಯ ಅಚ್ಚಿನ ವೇಗ ಎಂದೂ ಆ ಬೆಣೆಯನ್ನು ಸರಿಯಾಗಿ ಹುಟ್ಟಿಸುವಷ್ಟಿರಲಿಲ್ಲವಾದ್ದರಿಂದ ಅದಕ್ಕೆ ಅಂಟುಗುಣವೇ ಆಧಾರ. ಕಾರಿನ ಎಂಜಿನ್ನಿಗೆ ಹೊತ್ತಿಸುವ ಮತ್ತು ನಿಲ್ಲಿಸುವ ಕ್ಷಣಗಳಲ್ಲಿ ಮಾತ್ರ ಇದು ಬೇಕು. ಇಂದು ಆ ಕೆಲಸವನ್ನು ಎಣ್ಣೆಗೆ ಬೆರೆಸುವ ಬೇರೆ ರಾಸಾಯನಿಕಗಳು ಮಾಡುತ್ತವೆ.

ಅಳತೆ

ಹೊಸದೆಂಬ ಮಾತ್ರಕ್ಕೆ ಚಿಪ್ಪಿನ ಅಳತೆ ಸರಿಯಿದೆಯೆಂದು ನಂಬುವಂತಿಲ್ಲ; ಪಿನ್ನು, ರಾಡು, ಚಿಪ್ಪು ಮೂರರ ಸಣ್ಣ ವ್ಯತ್ಯಾಸಗಳೂ ಸೇರಿ ಸಂದು ನಿರ್ಧಾರವಾಗುತ್ತದೆ. ಆದ್ದರಿಂದಲೇ ಅನೇಕ ತಯಾರಕರು ಒಂದೇ ಬೇರಿಂಗನ್ನು ಕೆಲವೇ ಮೈಕ್ರಾನುಗಳ ಅಂತರದ ಬೇರೆ ಬೇರೆ ದಪ್ಪಗಳಲ್ಲಿ ಮಾಡಿ, ಅಂಚಿಗೆ ಬಣ್ಣದ ಗುರುತು ಹಾಕುತ್ತಾರೆ. ಎಸ್54ರ ಚಿಪ್ಪುಗಳಿಗೆ ಕೆಂಪು ಮತ್ತು ನೀಲಿ ಗುರುತುಗಳಿವೆ. ಬಣ್ಣಗಳನ್ನು ಸರಿಯಾಗಿ ಜೋಡಿಸಿ ಬೇಕಾದ ಸಂದನ್ನು ಪಡೆಯಬಹುದು.

ಸಂದನ್ನು ಅಳೆಯಲು ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಪಿನ್ನಿನ ವ್ಯಾಸವನ್ನು ಮೈಕ್ರೋಮೀಟರಿನಿಂದ ಹಲವು ದಿಕ್ಕುಗಳಲ್ಲಿ ಅಳೆಯುತ್ತಾರೆ. ಒಂದು ದಿಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸವಿದ್ದರೆ ಪಿನ್ನು ಅಂಡಾಕಾರಕ್ಕೆ ಸವೆದಿದೆ. ಬಳಿಕ ಚಿಪ್ಪುಗಳನ್ನು ರಾಡಿನಲ್ಲಿ ಕೂಡಿಸಿ, ಬೋಲ್ಟುಗಳನ್ನು ಪೂರ್ಣ ಬಿಗಿದು, ಒಳವ್ಯಾಸವನ್ನು ಬೋರ್ ಗೇಜಿನಿಂದ ನೋಡುತ್ತಾರೆ. ಉದಾಹರಣೆಗೆ ಒಳವ್ಯಾಸ 50.052, ಪಿನ್ನು 49.998 ಮಿಲಿಮೀಟರ್ ಆದರೆ ಸಂದು 0.054. ಈ ಅಳತೆಯನ್ನು ರಾಡಿನ ಉದ್ದದ ದಿಕ್ಕಿನಲ್ಲೇ ತೆಗೆಯಬೇಕು. ಎರಡು ಚಿಪ್ಪುಗಳು ಕೂಡುವ ಅಂಚಿನ ಬಳಿ ಅವನ್ನು ಬೇಕೆಂದೇ ತುಸು ತೆಳುವಾಗಿ ಮಾಡಿರುವುದರಿಂದ ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಉಪಕರಣವೂ ಬಿಡಿಭಾಗಗಳೂ ಒಂದೇ ಉಷ್ಣತೆಯಲ್ಲಿರಬೇಕು. 50 ಮಿಲಿಮೀಟರಿನ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ಬೇಕಾದ ಸಂದಿನ ಹತ್ತರಲ್ಲೊಂದು ಪಾಲು ಅಲ್ಲಿಯೇ ಮಾಯ.

ಎರಡನೆಯದು ಪ್ಲಾಸ್ಟಿಗೇಜ್ ಎಂಬ ಮೃದುವಾದ ಪ್ಲಾಸ್ಟಿಕ್ ಎಳೆಯ ವಿಧಾನ. ಒರೆಸಿ ಒಣಗಿಸಿದ ಪಿನ್ನಿನ ಮೇಲೆ ಎಳೆಯನ್ನಿಟ್ಟು, ಕ್ಯಾಪನ್ನು ಬಿಗಿದು, ಬಿಚ್ಚಿದಾಗ ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೆಂದು ಅದರ ಜೊತೆಗೆ ಬರುವ ಪಟ್ಟಿಯಲ್ಲಿ ಹೋಲಿಸಿ ನೋಡುತ್ತಾರೆ. ಹೆಚ್ಚು ಚಪ್ಪಟೆಯಾದಷ್ಟೂ ಸಂದು ಕಿರಿದು. ಬಿಗಿದ ಮೇಲೆ ಕ್ರ್ಯಾಂಕ್‌ಶಾಫ್ಟನ್ನು ಒಂದಿಷ್ಟೂ ತಿರುಗಿಸಬಾರದು. ಎಂಜಿನ್ನನ್ನು ಕಾರಿನಿಂದ ಇಳಿಸದೆ ಕೆಲಸ ಮಾಡುವಾಗ ಇದೇ ಅನುಕೂಲ. ಆದರೆ ಸೂಕ್ಷ್ಮತೆಯಲ್ಲಿ ಬೋರ್ ಗೇಜಿಗೆ ಸಮವಲ್ಲ. ಎರಡೂ ವಿಧಾನಗಳಲ್ಲಿ ಅಳತೆಗೆ ಹಳೆಯ ಬೋಲ್ಟುಗಳನ್ನೇ ಬಳಸಿ, ಹೊಸ ಬೋಲ್ಟುಗಳನ್ನು ಅಂತಿಮ ಜೋಡಣೆಗೆ ಕಾದಿರಿಸುವುದು ಕ್ರಮ. ಪಿನ್ನಿನ ಮೇಲೆ ಉಗುರಿಗೆ ತಡೆಯುವಂಥ ಗೀರು ಕಂಡರೆ ಚಿಪ್ಪು ಬದಲಿಸಿ ಪ್ರಯೋಜನವಿಲ್ಲ. ಕ್ರ್ಯಾಂಕ್‌ಶಾಫ್ಟನ್ನು ಹೊರತೆಗೆದು, ಅದರ ಗಟ್ಟಿ ಮೇಲ್ಪದರ ಅವಕಾಶ ಕೊಟ್ಟರೆ ಮಾತ್ರ, ಉಜ್ಜಿಸಿ ಅದಕ್ಕೆ ತಕ್ಕ ದಪ್ಪನೆಯ ಚಿಪ್ಪುಗಳನ್ನು ಹಾಕಬೇಕು.

ಜೋಡಣೆ

ಎಸ್54ರಲ್ಲಿ ಈ ಕೆಲಸವನ್ನು ಕಾರಿನ ಕೆಳಗಿನಿಂದಲೇ ಮಾಡಬಹುದು. ಎಂಜಿನ್ನನ್ನು ಮೇಲಿನಿಂದ ತೂಗುಹಾಕಿ, ಮುಂಭಾಗದ ಸಬ್‌ಫ್ರೇಮನ್ನು ಇಳಿಸಿ, ಎಣ್ಣೆಯ ತಟ್ಟೆಯನ್ನೂ ಪಂಪನ್ನೂ ಬಿಚ್ಚಿದರೆ ಕ್ರ್ಯಾಂಕ್‌ಶಾಫ್ಟ್ ಕಾಣಿಸುತ್ತದೆ. ಸಾಲು ಆರರ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಜೋಡಿಜೋಡಿಯಾಗಿ ಕೆಳಗೆ ಬರುತ್ತವೆ: ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು. ಶಾಫ್ಟನ್ನು ತಿರುಗಿಸುತ್ತ ಒಂದೊಂದು ಜೋಡಿಯನ್ನು ಮುಗಿಸುತ್ತ ಹೋಗಬೇಕು.

ಪ್ರತಿ ಕ್ಯಾಪೂ ತನ್ನ ರಾಡಿನ ಜೊತೆಗೇ ತಯಾರಾದದ್ದು. ಒಂದರದನ್ನು ಇನ್ನೊಂದಕ್ಕೆ ಹಾಕುವುದಾಗಲಿ, ಹಿಂದುಮುಂದು ಮಾಡುವುದಾಗಲಿ ಕೂಡದು. ಚಿಪ್ಪಿನ ಬೆನ್ನೂ ಅದು ಕೂರುವ ಮನೆಯೂ ಪೂರ್ಣ ಒಣಗಿರಬೇಕು. ಅಲ್ಲಿ ಎಣ್ಣೆಯ ಹನಿಯಾಗಲಿ ನೂಲಿನ ಎಳೆಯಾಗಲಿ ಉಳಿದರೆ ಚಿಪ್ಪು ಆ ಜಾಗದಲ್ಲಿ ಉಬ್ಬಿ ಸಂದು ಕೆಡುತ್ತದೆ, ಉಷ್ಣ ರಾಡಿಗೆ ದಾಟುವುದೂ ನಿಲ್ಲುತ್ತದೆ. ಪಿನ್ನಿನ ಕಡೆಯ ಮೈಗೆ ಮಾತ್ರ ಧಾರಾಳವಾಗಿ ಎಣ್ಣೆ ಹಚ್ಚಬೇಕು. ಕೂಡಿಸಿದಾಗ ಚಿಪ್ಪಿನ ತುದಿಗಳು ರಾಡಿನ ಅಂಚಿಗಿಂತ ಕೂದಲಿನಷ್ಟು ಹೊರಗೆ ಚಾಚಿರುತ್ತವೆ. ಅದನ್ನು ದೋಷವೆಂದು ಅರದಿಂದ ಉಜ್ಜುವುದು ದೊಡ್ಡ ತಪ್ಪು. ಬಿಗಿದಾಗ ಈ ಹೆಚ್ಚುವರಿ ಉದ್ದವೇ ಚಿಪ್ಪನ್ನು ಸುತ್ತಲೂ ಒತ್ತಿ ತನ್ನ ಮನೆಯಲ್ಲಿ ಅಲುಗದಂತೆ ನಿಲ್ಲಿಸುತ್ತದೆ. ಚಿಪ್ಪಿನ ಅಂಚಿನ ಪುಟ್ಟ ನಾಲಗೆ ಅದನ್ನು ಸರಿಯಾದ ಜಾಗದಲ್ಲಿಡುವ ಗುರುತು ಮಾತ್ರ. ಸುತ್ತದಂತೆ ತಡೆಯುವ ಶಕ್ತಿ ಅದಕ್ಕಿಲ್ಲ.

ಬೋಲ್ಟುಗಳ ವಿಷಯದಲ್ಲಿ ಮಿತವ್ಯಯ ಸಲ್ಲದು. ಇಂಥ ಎಂಜಿನ್ನುಗಳ ರಾಡ್ ಬೋಲ್ಟುಗಳು ಬಿಗಿಯುವಾಗ ತುಸು ಹಿಗ್ಗಿ, ಆ ಹಿಗ್ಗಿನ ಬಲದಿಂದಲೇ ಹಿಡಿದು ನಿಲ್ಲುವಂಥವು; ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಳಸಬಾರದು. ಬೋಲ್ಟನ್ನು ತಿರುಗಿಸುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಹಿಡಿತಕ್ಕೆ ದಕ್ಕುವುದು ಉಳಿದ ಒಂದು ಪಾಲು. ಮರೆಗಳಿಗೆ ಹಚ್ಚಿದ ಎಣ್ಣೆ ಬೇರೆಯಾದರೂ ಹಿಡಿತ ಬದಲಾಗುತ್ತದೆ. ಆದ್ದರಿಂದ ಮೊದಲು ಟಾರ್ಕ್ ರೆಂಚಿನಿಂದ ನಿಗದಿತ ಬಲಕ್ಕೆ ಬಿಗಿದು, ಆಮೇಲೆ ಕೋನಮಾಪಕವಿಟ್ಟು ಇಂತಿಷ್ಟು ಡಿಗ್ರಿ ತಿರುಗಿಸುವ ಪದ್ಧತಿ ಬಂದಿದೆ. ಬಲ ಮತ್ತು ಕೋನದ ಅಂಕಿಗಳು ಬೋಲ್ಟಿನ ಮಾದರಿಯೊಂದಿಗೆ ಬದಲಾಗುವುದರಿಂದ ಆಯಾ ಎಂಜಿನ್ನಿನ, ಆಯಾ ಬೋಲ್ಟಿನ ಸೂಚನೆಯನ್ನೇ ಪಾಲಿಸಬೇಕು. ಬೇರೆ ತಯಾರಕರ ಹೆಚ್ಚು ಗಟ್ಟಿಯಾದ ಬೋಲ್ಟುಗಳನ್ನು ಹಾಕುವುದಾದರೆ ಅವುಗಳ ಬೇರೆ ಹಿಡಿತದಿಂದ ರಾಡಿನ ಬಳೆಯ ದುಂಡುತನವೇ ಮಾರ್ಪಡಬಹುದು. ಆಗ ರಾಡನ್ನು ಹೊರತೆಗೆದು ಮತ್ತೆ ಅಳೆಯದೆ ಗತ್ಯಂತರವಿಲ್ಲ.

ಒಂದೊಂದು ಜೋಡಿ ಬಿಗಿದ ಬಳಿಕವೂ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಬಿಗಿತ ಕಂಡರೆ ಅಲ್ಲೇ ನಿಲ್ಲಿಸಿ ಬಿಚ್ಚಿ ಕಾರಣ ಹುಡುಕಬೇಕು. ಓಡಿದಂತೆ ಸರಿಹೋಗುತ್ತದೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಮೊದಲ ಓಟ

ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದ ಮೇಲೆ ಕೂಡಲೇ ಎಂಜಿನ್ ಹೊತ್ತಿಸಬಾರದು. ಇಂಧನ ಮತ್ತು ಕಿಡಿಯನ್ನು ತಡೆದು, ಸ್ಟಾರ್ಟರಿನಿಂದ ಮಾತ್ರ ತಿರುಗಿಸಿ, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಕಾಯಬೇಕು. ಬಳಿಕ ಹೊತ್ತಿಸಿ ಎಂಜಿನ್ ಬಿಸಿಯಾಗುವವರೆಗೆ ನಿಧಾನವಾಗಿ ಓಡಿಸಿ, ಶಬ್ದವನ್ನೂ ಸೋರಿಕೆಯನ್ನೂ ಗಮನಿಸಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಎಣ್ಣೆ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಮಿನುಗು ಇದೆಯೇ ಎಂದು ನೋಡುವುದು ಜಾಣತನ. ಮುಂದಿನ ವರ್ಷಗಳಲ್ಲಿ ಬಳಸಿದ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅದರಲ್ಲಿ ಸೀಸ, ತಾಮ್ರ, ತವರಗಳ ಪ್ರಮಾಣ ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ಚಿಪ್ಪನ್ನು ಬಿಚ್ಚದೆಯೇ ಅದರ ಸವೆತದ ಸುಳಿವು ಪಡೆಯುವ ಬಗೆ ಅದು. ಒಂದೇ ವರದಿಯ ಅಂಕಿಗಿಂತ ವರದಿಯಿಂದ ವರದಿಗೆ ಆಗುವ ಏರಿಕೆಗೆ ಹೆಚ್ಚು ಬೆಲೆ.

ಉಳಿದದ್ದು ಓಡಿಸುವವರ ಕೈಯಲ್ಲಿದೆ. ಮಂದವಾದ ಎಣ್ಣೆ ತಣ್ಣಗಿರುವಾಗ ಕಿರಿದಾದ ಸಂದಿಗೆ ತಡವಾಗಿ ಇಳಿಯುತ್ತದೆ. ಎಂ3 ಕಾರಿನ ಸುತ್ತಿನ ಮಾಪಕದ ಅಂಚಿನಲ್ಲಿ ಇದಕ್ಕೆಂದೇ ಸಾಲು ದೀಪಗಳನ್ನಿಟ್ಟಿದ್ದಾರೆ. ಎಂಜಿನ್ ತಣ್ಣಗಿದ್ದಾಗ ಹೆಚ್ಚಿನ ಸುತ್ತುಗಳ ಮೇಲೆಲ್ಲ ಅವು ಹೊತ್ತಿರುತ್ತವೆ. ಎಣ್ಣೆ ಬಿಸಿಯಾದಂತೆ ಒಂದೊಂದಾಗಿ ಆರುತ್ತ ವೇಗಕ್ಕೆ ಅಪ್ಪಣೆ ಕೊಡುತ್ತವೆ. ದೀಪಗಳು ಆರುವ ಮೊದಲೇ ಆತುರದಿಂದ ವೇಗ ಏರಿಸುವವರಿಗೆ ಮೈಕ್ರಾನ್ ಮೈಕ್ರಾನಾಗಿ ಅಳೆದು ಕೂಡಿಸಿದ ಬೇರಿಂಗೂ ನೆರವಾಗಲಾರದು. ಹೊಸ ಚಿಪ್ಪುಗಳು ಎಷ್ಟು ಕಾಲ ಬಾಳುತ್ತವೆಂಬುದು ಕಾರ್ಯಾಗಾರದಲ್ಲಿ ಅರ್ಧ ನಿರ್ಧಾರವಾದರೆ, ಉಳಿದರ್ಧ ನಿರ್ಧಾರವಾಗುವುದು ಪ್ರತಿದಿನ ಬೆಳಿಗ್ಗೆ ಎಂಜಿನ್ ಹೊತ್ತಿಸಿದ ಮೊದಲ ಕೆಲವು ನಿಮಿಷಗಳಲ್ಲಿ.